ಹತ್ತು ಗಂಟೆಗೆ ಬೀಗ ಹಾಕಿದ ಮನೆಗಳು

ಆಸ್ಪತ್ರೆಯವರು ಡಾಕ್ಟರಮ್ಮನಿಗೆ ಇಟ್ಟಿದ್ದ ಹೆಸರು ಗಡಿಯಾರದಮ್ಮ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಕರೆಯದವರೂ ಇರಲಿಲ್ಲ. ಬಿಳಿ ಕೋಟಿನ ಬಲಜೇಬಿನಲ್ಲಿ ಓಟದ ಪಂದ್ಯದವರು ಹಿಡಿದುಕೊಳ್ಳುವಂಥ ಸ್ಟಾಪ್‌ವಾಚು, ಎಡಜೇಬಿನಲ್ಲಿ ದರ್ಜಿಯ ಟೇಪು. ರೋಗಿ ಹಾಸಿಗೆಯಿಂದ ಏಳುವುದಕ್ಕೆ ಎಷ್ಟು ಸೆಕೆಂಡು, ಗಾಲಿಕುರ್ಚಿಗೆ ಸರಿಯುವುದಕ್ಕೆ ಎಷ್ಟು, ಬಾಗಿಲಿನ ಚಿಲಕ ಅವನ ಕೈಗೆ ಎಟುಕುತ್ತದೋ ಇಲ್ಲವೋ, ಎಲ್ಲವನ್ನೂ ಅಳೆದು ಬರೆದಿಟ್ಟರೇ ಅವರಿಗೆ ಸಮಾಧಾನ.

ಅವರ ವಾರ್ಡು ಕೆಳಮಹಡಿಯ ಕಟ್ಟಕಡೆಗೆ, ಬಟ್ಟೆ ಒಗೆಯುವ ಕೋಣೆಯನ್ನು ದಾಟಿದ ಮೇಲೆ ಸಿಗುತ್ತಿತ್ತು. ಒದ್ದೆ ಚಾದರಗಳ ಹಬೆ, ಸೋಪಿನ ವಾಸನೆ, ಗಡಗಡ ತಿರುಗುವ ಯಂತ್ರಗಳ ಸದ್ದು ದಿನವಿಡೀ ಒಳಗೆ ಬರುತ್ತಿದ್ದವು. ಬೆನ್ನುಮೂಳೆ ಮುರಿದವರು, ಲಕ್ವ ಹೊಡೆದವರು, ಕಾಲು ಕಳೆದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಅಂದರೆ ಮೇಲಿನ ಮಹಡಿಗಳ ದೊಡ್ಡ ಡಾಕ್ಟರುಗಳೆಲ್ಲ ಕೈ ತೊಳೆದುಕೊಂಡು, "ನಮ್ಮ ಕೆಲಸ ಮುಗೀತು" ಎಂದು ಕೆಳಗೆ ದಾಟಿಸಿದವರು. ಡಾಕ್ಟರಮ್ಮ ಈ ವಿಭಾಗಕ್ಕೆ ಸೇರುತ್ತೇನೆ ಎಂದ ದಿನ ಶಸ್ತ್ರಚಿಕಿತ್ಸೆಯ ಪ್ರೊಫೆಸರು ಮೂಗು ಮುರಿದಿದ್ದರು.

"ಇಷ್ಟೆಲ್ಲಾ ಓದಿ ಕೊನೆಗೆ ಕವಾಯತು ಮಾಡಿಸೋಕೆ ಹೋಗ್ತೀಯೇನಮ್ಮ?"

"ಹೌದು ಸಾರ್. ನೀವು ಬದುಕಿಸಿ ಕಳಿಸ್ತೀರಿ. ಆಮೇಲೆ ಅವರು ಬದುಕಬೇಕಲ್ಲ?"

ಪ್ರೊಫೆಸರು ಆಮೇಲೆ ಎರಡು ವರ್ಷ ಅವರ ಜೊತೆ ಮಾತಾಡಲಿಲ್ಲವಂತೆ. ಅದರಿಂದ ಡಾಕ್ಟರಮ್ಮನ ಒಂದು ಕೂದಲೂ ಕೊಂಕಲಿಲ್ಲ.

ಮೇಲಿನ ಓದು ಮುಗಿಸಿ ಬರುವಾಗ ಅವರು ತಮ್ಮ ಜೊತೆಗೆ ಒಂದು ಫಾರಮ್ಮು ತಂದರು. ಈ ಕಥೆಯಲ್ಲಿ ಖಳನಾಯಕ ಅಂತ ಯಾರಾದರೂ ಇದ್ದರೆ ಅದೇ. ಹದಿನೈದು ಪ್ರಶ್ನೆ, ಒಂದೊಂದಕ್ಕೆ ಐದು ಅಂಕ, ಒಟ್ಟು ಎಪ್ಪತ್ತೈದು. ರೋಗಿ ತಾನೇ ಊಟ ಮಾಡುತ್ತಾನಾ, ತಾನೇ ಮುಖ ತೊಳೆಯುತ್ತಾನಾ, ತಾನೇ ಅಂಗಿ ಹಾಕಿ ಗುಂಡಿ ಹಾಕಿಕೊಳ್ಳುತ್ತಾನಾ? ತಾನೇ ಮಾಡಿದರೆ ಐದು, ಇನ್ನೊಬ್ಬರು ಕೈಹಚ್ಚಿದರೆ ಎರಡು, ಪೂರ್ತಿ ಇನ್ನೊಬ್ಬರೇ ಮಾಡಿದರೆ ಸೊನ್ನೆ. ಅದಕ್ಕೆ ಮುಂಚೆ ಆಸ್ಪತ್ರೆಯ ಕಡತಗಳಲ್ಲಿ "ಸ್ವಲ್ಪ ವಾಸಿ", "ಹಾಗೇ ಇದೆ" ಎಂದು ಗೀಚಿಬಿಟ್ಟರೆ ಮುಗಿಯುತ್ತಿತ್ತು. ಈಗ ಅಂಕಿ ಸಿಕ್ಕಿತು. ಮೇಲಿನ ಮಹಡಿಯವರೂ ತಲೆದೂಗಿದರು. ವರ್ಷದೊಳಗೆ ಆ ಫಾರಮ್ಮು ಇಡೀ ಆಸ್ಪತ್ರೆಯ ಕಾನೂನಾಯಿತು.

ಪುಸ್ತಕ ಕಟ್ಟುವಾಕೆ ಆ ವಾರ್ಡಿಗೆ ಬಂದದ್ದು ಆಗಲೇ. ಬೈಂಡಿಂಗ್ ಅಂಗಡಿಯಲ್ಲಿ ಕೆಲಸ. ಅಟ್ಟದ ಏಣಿಯಿಂದ ರಟ್ಟಿನ ಕಟ್ಟಿನ ಸಮೇತ ಬಿದ್ದು ಕುತ್ತಿಗೆಯ ಮೂಳೆ ಜಖಂ ಆಗಿತ್ತು. ಕಾಲುಗಳು ಹೋದವು. ತೋಳು ಉಳಿಯಿತು, ಮಣಿಕಟ್ಟು ಉಳಿಯಿತು, ಬೆರಳುಗಳಲ್ಲಿ ಮಾತ್ರ ಹಿಡಿತವಿಲ್ಲ. ಇಪ್ಪತ್ತೆಂಟು ವಯಸ್ಸು. ಬಾಯಿ ಮಾತ್ರ ಭರ್ಜರಿ. ಡಾಕ್ಟರಮ್ಮನಿಗೆ ಆಕೆಯನ್ನು ಕಂಡರೆ ಪ್ರಾಣ, ಏಕೆಂದರೆ ವಾರ್ಡಿನಲ್ಲಿ ಅವರಿಗೆ ತಿರುಗಿ ಮಾತಾಡುತ್ತಿದ್ದವಳು ಆಕೆ ಒಬ್ಬಳೇ.

ನಾಲ್ಕು ತಿಂಗಳು ಇಬ್ಬರೂ ಗುಂಡಿಯ ಹಿಂದೆ ಬಿದ್ದರು. ಗುಂಡಿಯನ್ನು ಹೆಬ್ಬೆರಳ ಬುಡಕ್ಕೆ ಒತ್ತಿ, ಮಣಿಕಟ್ಟು ಮಡಿಸಿ, ಹಲ್ಲಿನಿಂದ ಅಂಗಿಯ ಅಂಚು ಎಳೆದು, ಜಾರಿದರೆ ಮತ್ತೆ ಮೊದಲಿನಿಂದ. ಕೊನೆಗೊಂದು ದಿನ ಐದೂ ಗುಂಡಿ ತೂತಿಗೆ ಬಿದ್ದವು. ವಾರ್ಡಿನವರು ಚಪ್ಪಾಳೆ ಹೊಡೆದರು. ಡಾಕ್ಟರಮ್ಮ ಫಾರಮ್ಮಿನಲ್ಲಿ ದಪ್ಪಗೆ ಐದು ಎಂದು ಬರೆದು, ಮನೆಗೆ ಕಳಿಸುವ ದಿನ ತಮ್ಮ ಕೈಯಾರೆ ಒಂದು ಚೀಟಿ ಬರೆದುಕೊಟ್ಟರು. "ಯಾರೂ ಸಹಾಯ ಮಾಡಬಾರದು. ಎಲ್ಲವನ್ನೂ ತಾನೇ ಮಾಡಿಕೊಳ್ಳಲಿ." ಕೆಳಗೆ ಸಹಿ, ಮೊಹರು.

ಮೂರು ತಿಂಗಳ ಮೇಲೆ ಹೇಗಿದ್ದಾಳೋ ನೋಡೋಣವೆಂದು ಮನೆ ಹುಡುಕಿಕೊಂಡು ಹೋದರು. ಜೊತೆಗೆ ಆಗಷ್ಟೇ ಸೇರಿದ್ದ ಒಬ್ಬ ಕಿರಿಯ ಡಾಕ್ಟರು. ಆತ ಪ್ರತಿ ಮಾತಿನ ಕೊನೆಗೂ "ಅಲ್ವಾ" ಅನ್ನುತ್ತಿದ್ದುದರಿಂದ ಅವನ ಹೆಸರೇ ಅಲ್ವಾ ಆಗಿತ್ತು. ಬೆಳಗಿನ ಹತ್ತು ಗಂಟೆ. ಓಣಿಯ ಕೊನೆಗೆ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಆಕೆಯ ನಾದಿನಿ ಗೋಡೆಗೆ ಒರಗಿ, ಕೈಕಟ್ಟಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು.

"ಅತ್ತಿಗೆ ಒಳಗಿದ್ದಾಳೆ ಡಾಕ್ಟ್ರಮ್ಮ. ಬಟ್ಟೆ ಹಾಕ್ಕೋತಾ ಇದ್ದಾಳೆ."

"ಪಾಪ, ತಡವಾಗಿ ಎದ್ದಳಾ?"

"ಆರು ಗಂಟೆಗೇ ಎದ್ದಳು."

ಡಾಕ್ಟರಮ್ಮ ಬಾಗಿಲು ತಳ್ಳಿದರು. ಒಳಗೆ ಹೋದರೆ ಆಕೆ ಹಾಸಿಗೆಯ ಮೇಲೆ ಕುಳಿತು ನಾಲ್ಕನೆಯ ಗುಂಡಿಯ ಜೊತೆ ಗುದ್ದಾಡುತ್ತಿದ್ದಳು. ಮುಖ, ಕುತ್ತಿಗೆ ಎಲ್ಲಾ ಬೆವರು. ಮೂಲೆಯಲ್ಲಿ ಬೈಂಡಿಂಗ್ ಅಂಗಡಿಯವರು ಕಳಿಸಿದ್ದ ಮುದ್ರಿತ ಹಾಳೆಗಳ ಕಟ್ಟು, ದಾರ ಕೂಡ ಬಿಚ್ಚದೆ ಹಾಗೇ ಬಿದ್ದಿತ್ತು. ಅದರ ಮೇಲಿನ ಗೋಡೆಗೆ ಡಾಕ್ಟರಮ್ಮನದೇ ಕೈಬರಹದ ಚೀಟಿ ಅಂಟಿಸಿತ್ತು. ಯಾರೂ ಸಹಾಯ ಮಾಡಬಾರದು.

"ಬನ್ನಿ ಡಾಕ್ಟ್ರಮ್ಮ, ಬನ್ನಿ. ನಿಮ್ಮ ಐದು ಅಂಕದ ಹೆಂಗಸು ಇಲ್ಲೇ ಕೂತಿದ್ದಾಳೆ, ಕಣ್ತುಂಬ ನೋಡಿ. ಎದ್ದು ಮುಖ ತೊಳೆದು ಇದಿಷ್ಟು ಮುಗಿಯೋ ಹೊತ್ತಿಗೆ ಹನ್ನೊಂದಾಗತ್ತೆ. ಆಮೇಲೆ ತೋಳು ಎತ್ತೋಕೂ ಆಗಲ್ಲ. ಮಲಗ್ತೀನಿ. ಸಂಜೆ ಬಿಚ್ಚೋಕೆ ಇನ್ನೊಂದು ಗಂಟೆ. ನನ್ನ ದಿನ ಎಲ್ಲಿ ಹೋಯ್ತು ಅಂದ್ರೆ, ಈ ಐದು ತೂತಿನೊಳಗೆ ಹೋಯ್ತು!"

"ಅಲ್ಲಮ್ಮಾ, ಇವರು ಯಾರಾದರೂ ಸ್ವಲ್ಪ..."

"ಯಾರು? ನಮ್ಮ ನಾದಿನೀನಾ? ಮೂರು ತಿಂಗಳಿಂದ ಬಾಗಿಲ ಹೊರಗೆ ಅಳ್ತಾ ನಿಂತಿದ್ದಾಳೆ. ಡಾಕ್ಟ್ರಮ್ಮ ಮುಟ್ಟಬೇಡ ಅಂದಿದ್ದಾರಲ್ಲ. ಮೊಹರು ಬೇರೆ!"

ಡಾಕ್ಟರಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತು ಕೇಳಿದರು, "ನಿನಗೇನು ಬೇಕು, ಹೇಳು."

"ನನಗೆ ಗುಂಡಿ ಬೇಡ. ಸೂಜಿ ಬೇಕು. ಆ ಕಟ್ಟು ಹೊಲೀಬೇಕು."

ಡಾಕ್ಟರಮ್ಮ ಗೋಡೆಯ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, ನಾದಿನಿಯನ್ನು ಒಳಗೆ ಕರೆದು, ಅಭ್ಯಾಸಬಲದಿಂದ ಸ್ಟಾಪ್‌ವಾಚು ಒತ್ತಿದರು. ನಾದಿನಿ ಅಂಗಿಯನ್ನು ಬಿಚ್ಚಿ, ಸರಿಯಾಗಿ ಎಳೆದು, ಐದೂ ಗುಂಡಿ ಹಾಕಿದಳು. ಇಪ್ಪತ್ತೆರಡು ಸೆಕೆಂಡು. ಗಂಟೆಗಟ್ಟಲೆಯ ಕೆಲಸ ಇಪ್ಪತ್ತೆರಡು ಸೆಕೆಂಡು! ಆ ಕೋಣೆಯಲ್ಲಿ ಮೊದಲು ನಕ್ಕವಳು ಪುಸ್ತಕ ಕಟ್ಟುವಾಕೆ. ಆಮೇಲೆ ನಾದಿನಿ ಅಳುತ್ತಲೇ ನಕ್ಕಳು. ಡಾಕ್ಟರಮ್ಮನಿಗೆ ನಗು ಬರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗದೆ ಹಾಳೆಯ ಕಟ್ಟಿನ ದಾರ ಬಿಚ್ಚುತ್ತ ಕುಳಿತರು. ಅವತ್ತು ಮಧ್ಯಾಹ್ನದವರೆಗೆ ಮೂವರೂ ಸೇರಿ ರಟ್ಟು, ಚರ್ಮದ ಚೂರು, ಅಂಟು ಇಟ್ಟುಕೊಂಡು ಅಂಗೈಗೆ ಸೂಜಿ ಬಿಗಿಯುವ ಒಂದು ಪಟ್ಟಿ ಮಾಡಿದರು. ಅಲ್ವಾ ಕತ್ತರಿ ಹಿಡಿದುಕೊಂಡು ಸಹಾಯ ಮಾಡಿದ.

ಮರುದಿನದಿಂದ ಡಾಕ್ಟರಮ್ಮ ತಮ್ಮದೇ ಫಾರಮ್ಮಿನ ಮೇಲೆ ಯುದ್ಧ ಸಾರಿದರು. ಹದಿನೈದು ಪ್ರಶ್ನೆಗಳ ಕೆಳಗೆ ಹದಿನಾರನೆಯದೊಂದನ್ನು ಕೈಯಲ್ಲಿ ಬರೆದು ಸೇರಿಸಿದರು. "ಉಳಿದ ಹೊತ್ತಿನಲ್ಲಿ ಏನು ಮಾಡಿದಿರಿ?" ಅದಕ್ಕೆ ಅಂಕವಿಲ್ಲ; ರೋಗಿ ಹೇಳಿದ್ದನ್ನು ಹಾಗೇ ಬರೆಯಬೇಕು. ವಾರ್ಡಿನಿಂದ ಮನೆಗೆ ಹೋದ ನೂರಾನಲವತ್ತು ಜನರ ಪಟ್ಟಿ ಮಾಡಿ, ಒಬ್ಬೊಬ್ಬರ ಮನೆಗೂ ವರ್ಷಕ್ಕೊಂದು ಸಲ, ಹೇಳದೆ ಕೇಳದೆ, ಬೆಳಗ್ಗೆ ಹತ್ತು ಗಂಟೆಗೆ ಹೋಗತೊಡಗಿದರು. ಒಬ್ಬ ಮುದುಕರು ಆ ಪ್ರಶ್ನೆಗೆ "ಪಕ್ಕದ ಮನೆಯವನ ಜೊತೆ ಜಗಳ, ಪೂರ್ತಿ ಮಧ್ಯಾಹ್ನ" ಎಂದು ಬರೆಸಿದರು. ಡಾಕ್ಟರಮ್ಮ ಖುಷಿಯಾಗಿ ಅದರ ಕೆಳಗೆ ಎರಡು ಗೆರೆ ಎಳೆದರು.

ಹೀಗೆ ತಿರುಗುವಾಗ ಒಂದು ದಿನ ಎಡಗಡೆ ಲಕ್ವ ಹೊಡೆದಿದ್ದ ಒಬ್ಬ ಮೇಷ್ಟ್ರ ಮನೆಗೆ ಹೋದರೆ ಬಾಗಿಲಿಗೆ ಬೀಗ. ಬಿಸಿಲಿನಲ್ಲಿ ಒಂದು ಗಂಟೆ ಬಸ್ಸಿಗೆ ಕಾದು ಬಂದ ಸಿಟ್ಟು ನೆತ್ತಿಗೇರಿತು. ಎದುರುಮನೆಯವಳು ಇಣುಕಿ ಹೇಳಿದಳು, "ಮೇಷ್ಟ್ರಾ? ಎಂಟೂವರೆಗೇ ಹೆಂಡತಿ ಬಟ್ಟೆ ಹಾಕಿ ಕಳಿಸಿ, ತಾವೂ ಕೆಲಸಕ್ಕೆ ಹೊರಡ್ತಾರೆ. ಗ್ರಂಥಾಲಯದಲ್ಲಿ ಕೂತಿರ್ತಾರೆ, ಮಕ್ಕಳಿಗೆ ಗಣಿತ ಹೇಳಿಕೊಡ್ತಾ." ಡಾಕ್ಟರಮ್ಮ ಆ ಬೀಗವನ್ನೇ ನೋಡುತ್ತ ನಿಂತರು. ಆಮೇಲೆ ಅದನ್ನು ಕೈಯಲ್ಲಿ ಹಿಡಿದು ಒಂದು ಸಲ ಎಳೆದು ನೋಡಿ, ಬಿದ್ದು ಬಿದ್ದು ನಕ್ಕರಂತೆ. ಎದುರುಮನೆಯವಳು ಹೆದರಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಬೀಗ ಕಂಡರೆ ಅವರಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಬೀಗ ಹಾಕಿದ ಮನೆಯ ಜನ ಎಲ್ಲಿದ್ದಾರೆಂದು ವಿಚಾರಿಸಿ, ಅಂಗಡಿಗೋ ಶಾಲೆಗೋ ಉದ್ಯಾನದ ಬೆಂಚಿಗೋ ಹುಡುಕಿಕೊಂಡು ಹೋಗಿ ಫಾರಮ್ಮು ತುಂಬುತ್ತಿದ್ದರು. ಐದನೆಯ ವರ್ಷದ ಲೆಕ್ಕ ಹಾಕಿದಾಗ ಅವರಿಗೇ ಮೈ ಜುಮ್ಮೆಂದಿತು. ಎಲ್ಲವನ್ನೂ ತಾನೇ ಮಾಡಿಕೊಂಡು ಎಪ್ಪತ್ತರ ಮೇಲೆ ಅಂಕ ತೆಗೆದವರಲ್ಲಿ ಹೆಚ್ಚಿನವರು ಹತ್ತು ಗಂಟೆಗೆ ಮನೆಯಲ್ಲೇ ಇದ್ದರು, ದಣಿದು. ಗುಂಡಿಗೋ ಬೂಟಿಗೋ ಇನ್ನೊಬ್ಬರ ಕೈ ಪಡೆದು ಕಡಿಮೆ ಅಂಕ ತೆಗೆದವರಲ್ಲಿ ಅರ್ಧಕ್ಕೂ ಹೆಚ್ಚು ಜನರ ಮನೆಗೆ ಬೀಗ.

ಇದನ್ನು ಬರೆದು ವೈದ್ಯರ ಪತ್ರಿಕೆಗಳಿಗೆ ಕಳಿಸಿದರು. ನಾಲ್ಕು ಸಲ ವಾಪಸು ಬಂತು. ಕಾರಣ ಕೇಳಿ ಡಾಕ್ಟರಮ್ಮ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಭೇಟಿಗೆ ಹೋದಾಗ ರೋಗಿ ಮನೆಯಲ್ಲಿ ಸಿಗದಿದ್ದರೆ ಅದನ್ನು "ಮಾಹಿತಿ ಇಲ್ಲ" ಎಂದು ಬರೆದು ಅಧ್ಯಯನದಿಂದ ಕೈಬಿಡುವುದು ನಿಯಮವಂತೆ. ಆಸ್ಪತ್ರೆಯ ಅಂಕಿಅಂಶದ ಗುಮಾಸ್ತರೂ ಬೀಗದ ಮನೆಗಳನ್ನೆಲ್ಲ ನೀಟಾಗಿ ಕೆಂಪು ಗೆರೆ ಎಳೆದು ಹೊಡೆದುಹಾಕಿದ್ದರು.

"ರೀ ಸ್ವಾಮಿ, ಇವರೇ ಕಣ್ರೀ ನನ್ನ ಗೆದ್ದವರು! ಗೆದ್ದವರನ್ನೇ ಹೊಡೆದುಹಾಕಿ ಸೋತವರನ್ನು ಎಣಿಸ್ತೀರಲ್ರೀ!"

"ನಿಯಮ ಮೇಡಂ, ನಾನೇನು ಮಾಡ್ಲಿ. ಸಿಗಲಿಲ್ಲ ಅಂದ್ರೆ ಸಿಗಲಿಲ್ಲ."

ಒಂದು ವೈದ್ಯ ಸಮ್ಮೇಳನದಲ್ಲಿ ಅವರು ಮಾತಾಡಿ ಕುಳಿತಾಗ ಮುಂದಿನ ಸಾಲಿನ ಹಿರಿಯರೊಬ್ಬರು ನಗೆಚಾಟಿಕೆ ಮಾಡಿದರು. "ಡಾಕ್ಟರಮ್ಮ ಬರ್ತಾರೆ ಅಂತ ಗೊತ್ತಾಗಿ ರೋಗಿಗಳು ಬೀಗ ಹಾಕ್ಕೊಂಡು ಓಡಿಹೋಗಿರಬೇಕು." ಸಭೆಯೆಲ್ಲ ಗೊಳ್ಳೆಂದಿತು. ಹಿರಿಯರು ಮುಂದುವರಿಸಿದರು, "ನೋಡಿ, ಇನ್ನೊಬ್ಬರ ಕೈ ಹಿಡಿದವರು ನಾಲ್ಕು ದಿನ ಓಡಾಡ್ತಾರೆ, ಆಮೇಲೆ ಪೂರ್ತಿ ಸೋಮಾರಿಗಳಾಗ್ತಾರೆ. ಐದು ವರ್ಷ ಏನೂ ಅಲ್ಲ. ಇಪ್ಪತ್ತು ವರ್ಷ ನೋಡಿ ಆಮೇಲೆ ಬಂದು ಹೇಳಿ."

ಅದು ಬಾಯಿ ಮುಚ್ಚಿಸಲು ಆಡಿದ ಮಾತು. ಡಾಕ್ಟರಮ್ಮ ಎದ್ದು ನಿಂತು, "ಸರಿ, ನೋಡ್ತೀನಿ" ಎಂದರು. ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಡಾಕ್ಟರಮ್ಮ ತೆಗೆದುಕೊಂಡರು. ಮದುವೆ ಗಿದುವೆ ಎಂದವರಿಗೆ ಸೊಪ್ಪು ಹಾಕಲಿಲ್ಲ, ಬಡ್ತಿ ಕೊಟ್ಟು ಮೇಲಿನ ಮಹಡಿಗೆ ಕರೆದರೂ ಹೋಗಲಿಲ್ಲ. ಪ್ರತಿ ವರ್ಷದ ಫಾರಮ್ಮುಗಳನ್ನು ಪುಸ್ತಕ ಕಟ್ಟುವಾಕೆ ಅಂಗೈಗೆ ಸೂಜಿ ಬಿಗಿದುಕೊಂಡು ಹೊಲಿದು, ನೀಲಿ ಬಟ್ಟೆಯ ರಟ್ಟು ಹಾಕಿ ಕೊಡುತ್ತಿದ್ದಳು. ತನ್ನದೂ ಅದರಲ್ಲಿ ಏಳನೆಯ ಹಾಳೆ. ಕಪಾಟಿನಲ್ಲಿ ಹತ್ತೊಂಬತ್ತು ನೀಲಿ ಸಂಪುಟಗಳು ಸಾಲಾಗಿ ಕುಳಿತವು. ಇನ್ನೊಂದು ಬಾಕಿ.

ಆಗ ಬಂತು ನೋಡಿ ಪೆಟ್ಟು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ವಾರ್ಡಿನ ನಡುವೆ ನಿಂತಿದ್ದಾಗಲೇ, ಡಾಕ್ಟರಮ್ಮನ ಬಲಗೈ ಬಲಗಾಲು ಕೈಕೊಟ್ಟವು. ತಾವೇ ನೆಲದ ಮೇಲೆ ಮಲಗಿಕೊಂಡು, "ಲಕ್ವ. ಹೊತ್ತು ನೋಡ್ಕೊಳ್ಳಿ, ಹನ್ನೊಂದು ಹತ್ತು" ಎಂದರು. ಮಾತಿಗೆ ಏನೂ ಆಗಲಿಲ್ಲ. ಅದೊಂದು ಉಳಿದದ್ದಕ್ಕೆ ಆಸ್ಪತ್ರೆಯಲ್ಲಿ ಕೆಲವರಿಗೆ ಬೇಸರವೂ ಆಯಿತು ಎನ್ನುತ್ತಾರೆ. ತಿಂಗಳಲ್ಲಿ ಕೋಲು ಹಿಡಿದು ನಡೆದರು. ಕೈ ಮಾತ್ರ ಬರಲಿಲ್ಲ.

ಆಸ್ಪತ್ರೆಯಿಂದ ಕಾಗದ ಬಂತು. ಮೂರು ತಿಂಗಳ ರಜೆ ಮುಗಿದ ಮೇಲೆ ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು. ಕೆಲಸಕ್ಕೆ ಸಮರ್ಥರೆಂದು ತೀರ್ಮಾನವಾದರೆ ಸರಿ, ಇಲ್ಲದಿದ್ದರೆ ಮನೆಗೆ. ಮನೆಗೆ ಎಂದರೆ ಅಧ್ಯಯನಕ್ಕೂ ಬಾಗಿಲು ಮುಚ್ಚಿದಂತೆ. ಆಸ್ಪತ್ರೆಯವರಲ್ಲದವರು ರೋಗಿಗಳ ಮನೆಗೆ ಹೋಗುವಂತಿಲ್ಲ, ಅರ್ಧಕ್ಕೆ ನಿಂತ ಅಧ್ಯಯನವನ್ನು ಯಾವ ಪತ್ರಿಕೆಯೂ ಮುಟ್ಟುವುದಿಲ್ಲ. ಹತ್ತೊಂಬತ್ತು ವರ್ಷದ ಬೀಗಗಳು ಒಂದು ವರ್ಷದ ಕೊರತೆಯಿಂದ ಕಸದ ಬುಟ್ಟಿಗೆ. ಸಮರ್ಥರೋ ಅಲ್ಲವೋ ಎಂದು ಅಳೆಯುವುದು ಹೇಗೆ? ಅದೇ ಫಾರಮ್ಮಿನಿಂದ. ಅರವತ್ತಕ್ಕಿಂತ ಕಡಿಮೆ ಬಂದರೆ ಅಸಮರ್ಥ.

ಜೊತೆಗಿದ್ದ ತಂಗಿ ಶಾಲಾ ಮೇಡಂ. ಅಕ್ಕನನ್ನು ಪಾಸು ಮಾಡಿಸುವ ಪಣ ತೊಟ್ಟಳು. ದಿನಾ ಚಹಾ ಮುಗಿದ ಕೂಡಲೇ ಬಿಳಿ ಕೋಟು ತಂದು ತೊಡೆಯ ಮೇಲೆ ಇಡುತ್ತಿದ್ದಳು. ಮೊದಲ ದಿನ ಡಾಕ್ಟರಮ್ಮ ಕುತೂಹಲಕ್ಕೆ ಎಡಗೈ ಒಂದರಲ್ಲೇ ಹಾಕಿ ನೋಡಿದರು. ನಾಲ್ಕು ಗುಂಡಿ, ಹದಿನೆಂಟು ನಿಮಿಷ. ಮತ್ತೆ ಮುಟ್ಟಲಿಲ್ಲ.

"ಬರೀ ಹದಿನೆಂಟು ನಿಮಿಷ ಅಕ್ಕಾ! ಆ ಮೂರು ಜನರ ಮುಂದೆ ಒಂದೇ ಒಂದು ಸಲ ಹಾಕಿ ತೋರಿಸಿಬಿಡು. ಹಾಕಿದ್ರೆ ಅರವತ್ತೆರಡು ಬರತ್ತೆ, ಹಾಕದಿದ್ರೆ ಐವತ್ತೊಂಬತ್ತು. ನಾನು ಕೂಡಿಸಿ ನೋಡಿದ್ದೀನಿ. ಆಮೇಲೆ ಜನ್ಮದಲ್ಲಿ ಗುಂಡಿ ಮುಟ್ಟಬೇಡ, ನಾನೇ ಹಾಕ್ತೀನಿ."

"ಅದು ಸುಳ್ಳು ಕಣೇ."

"ಸುಳ್ಳೇನು ಬಂತು? ನೀನೇ ತಾನೇ ಹಾಕೋದು?"

"ಇಪ್ಪತ್ತು ವರ್ಷದಿಂದ ಅದೇ ಸುಳ್ಳು ಅಂತ ಊರೂರು ತಿರುಗಿ ಹೇಳ್ತಾ ಇದ್ದೀನಿ. ಈಗ ನನ್ನ ಸರದಿ ಬಂದಾಗ ನಿಜ ಆಗಿಬಿಡತ್ತಾ?"

"ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ! ನಿನ್ನ ಇಪ್ಪತ್ತು ವರ್ಷ ಉಳೀಬೇಕೋ ಬೇಡವೋ?"

ಡಾಕ್ಟರಮ್ಮ ಕೋಟನ್ನು ಪಕ್ಕಕ್ಕೆ ಸರಿಸಿದರು. ಅವರಿಗೂ ಹೆದರಿಕೆಯಾಗಿತ್ತು. ಹದಿನೆಂಟು ನಿಮಿಷ ಹಲ್ಲು ಕಚ್ಚಿದರೆ ಎಲ್ಲವೂ ಉಳಿಯುತ್ತದೆ ಎನ್ನುವುದು ಅವರಿಗೆ ತಂಗಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಅವರ ಕಣ್ಣ ಮುಂದೆ ಬರುತ್ತಿದ್ದುದು ಆ ಓಣಿಯ ಮನೆ, ಬಾಗಿಲ ಹೊರಗೆ ಕೈಕಟ್ಟಿ ಅಳುತ್ತ ನಿಂತ ನಾದಿನಿ.

ದಿನಾ ಎಂಟೂವರೆಗೆ ಬಾಡಿಗೆ ಕಾರು ಬಂದು ನಿಲ್ಲುತ್ತಿತ್ತು. ಅಕ್ಕ ವ್ಯಾಯಾಮಕ್ಕೆ ಹೋಗುತ್ತಿದ್ದಾಳೆಂದು ತಂಗಿ ನಂಬಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ಪುಸ್ತಕ ಕಟ್ಟುವಾಕೆ ಕುಳಿತಿರುತ್ತಿದ್ದಳು, ಡಿಕ್ಕಿಯಲ್ಲಿ ಆಕೆಯ ಮಡಿಸಿದ ಗಾಲಿಕುರ್ಚಿ. ಸೂಜಿಯ ಪಟ್ಟಿಗೆ ಈಗ ಪೆನ್ನು ಬಿಗಿದಿತ್ತು.

"ನಿಮಗೆ ಒಂದು ಕೈ, ನನಗೆ ಅರ್ಧರ್ಧ ಎರಡು. ಇಬ್ಬರಿಗೂ ಸೇರಿ ಎರಡು ಕೈ ಆಯ್ತಲ್ಲ ಡಾಕ್ಟ್ರಮ್ಮ, ಧಾರಾಳ ಸಾಕು" ಎಂದಳು ಮೊದಲ ದಿನ.

"ಬಾಯಿ ಮಾತ್ರ ನಾಲ್ಕು ಜನಕ್ಕಾಗುವಷ್ಟಿದೆ. ನಡಿಯೇ."

ರಜೆಯಲ್ಲಿ ರೋಗಿಗಳ ಮನೆ ಸುತ್ತುವುದು ಆಸ್ಪತ್ರೆಯವರಿಗೆ ಗೊತ್ತಾದರೆ ತಲೆ ಹೋಗುತ್ತಿತ್ತು. ಇಬ್ಬರೂ ಕ್ಯಾರೇ ಅನ್ನಲಿಲ್ಲ. ಡಾಕ್ಟರಮ್ಮ ಪ್ರಶ್ನೆ ಕೇಳುವುದು, ಆಕೆ ಬರೆಯುವುದು. ನೂರಾನಲವತ್ತರಲ್ಲಿ ತೀರಿಹೋದವರು ಹೋಗಿ ಉಳಿದವರು ನೂರಾ ಮೂರು. ಮಂಡಳಿಯ ದಿನದ ಹೊತ್ತಿಗೆ ಅರವತ್ತೊಂದು ಮನೆ ಮುಗಿದಿತ್ತು.

ಮಂಡಳಿ ಕುಳಿತದ್ದು ಮೇಲಿನ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ. ನಡುವೆ ಅಲ್ವಾ. ಅವನೀಗ ಆಸ್ಪತ್ರೆಯ ಸೂಪರಿಂಟೆಂಡೆಂಟು, ತಲೆ ಬೋಳಾಗಿತ್ತು, "ಅಲ್ವಾ" ಮಾತ್ರ ಹಾಗೇ ಇತ್ತು. ಎಡಕ್ಕೆ ಮೂಳೆ ಡಾಕ್ಟರು, ಮಾತಿನಲ್ಲಿ ಜಿಪುಣ. ಬಲಕ್ಕೆ ಆಡಳಿತದ ಅಧಿಕಾರಿಣಿ. ಡಾಕ್ಟರಮ್ಮ ಕೋಲೂರಿಕೊಂಡು, ಕೋಟಿನ ಗುಂಡಿ ಬಿಚ್ಚಿಟ್ಟುಕೊಂಡೇ ಒಳಗೆ ಬಂದರು. ಹೊರಗೆ ಬೆಂಚಿನ ಮೇಲೆ ತಂಗಿ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಪುಸ್ತಕ ಕಟ್ಟುವಾಕೆ, ತೊಡೆಯ ಮೇಲೊಂದು ಚೀಲ.

ಊಟ, ನಡಿಗೆ, ಮೆಟ್ಟಿಲು ಎಲ್ಲ ಮುಗಿದು ಗುಂಡಿಯ ಪ್ರಶ್ನೆ ಬಂತು.

"ನಿಧಾನವಾಗಿ ಹಾಕಿ ಮೇಡಂ" ಎಂದ ಅಲ್ವಾ, ಮುಖ ತಗ್ಗಿಸಿ. "ನಾವು ಕಾಯ್ತೀವಿ. ಈ ಫಾರಮ್ಮಿನಲ್ಲಿ ಹೊತ್ತಿನ ಮಿತಿ ಇಲ್ಲ, ಅಲ್ವಾ."

"ಇಲ್ಲ. ಅದೇ ನಾನು ಮಾಡಿದ ತಪ್ಪು. ನಾನು ಹಾಕಲ್ಲ."

"ಆಗಲ್ಲ ಅಂತಾನಾ?" ಅಧಿಕಾರಿಣಿ ಕೇಳಿದರು.

"ಆಗತ್ತೆ. ಹದಿನೆಂಟು ನಿಮಿಷದಲ್ಲಿ ಆಗತ್ತೆ. ಆದರೆ ಹಾಕಲ್ಲ."

ಅಲ್ವಾ ತಲೆ ಎತ್ತಿದ. "ಮೇಡಂ, ದಯವಿಟ್ಟು. ಇಲ್ಲಿ ಎರಡು ಅಂತ ಬರೆದ್ರೆ ಒಟ್ಟು ಐವತ್ತೊಂಬತ್ತಾಗತ್ತೆ. ನಾನೇ ನಿಮ್ಮನ್ನ ಮನೆಗೆ ಕಳಿಸಬೇಕಾಗತ್ತೆ."

"ಬರಿ. ಸಹಾಯ ಬೇಕು ಅಂತ ದಪ್ಪಗೆ ಬರಿ. ನನಗೆ ಸಹಾಯ ಬೇಕು, ತಗೋತೀನಿ, ನಾಚಿಕೆ ಏನೂ ಇಲ್ಲ." ಅವರು ಬಾಗಿಲ ಕಡೆ ತಿರುಗಿ ಜೋರಾಗಿ ಕೂಗಿದರು, "ಬಾರೇ ಒಳಗೆ!"

ಪುಸ್ತಕ ಕಟ್ಟುವಾಕೆ ಗಾಲಿ ತಳ್ಳಿಕೊಂಡು ಬಂದು, ಎರಡೂ ಮಣಿಕಟ್ಟಿನ ನಡುವೆ ಚೀಲ ಎತ್ತಿ ಮೇಜಿನ ಮೇಲೆ ಸುರಿದಳು. ಅರವತ್ತೊಂದು ಫಾರಮ್ಮುಗಳು, ಅರ್ಧ ಹೊಲಿದ ಸಂಪುಟ.

"ಇದೇನಿದು?" ಅಧಿಕಾರಿಣಿ ಹೌಹಾರಿದರು. "ನೀವು ರಜೆಯಲ್ಲಿದ್ರಿ!"

"ಇದ್ದೆ. ನಾನು ಕೆಲಸಕ್ಕೆ ಲಾಯಕ್ಕೋ ಅಲ್ಲವೋ ಅಂತ ನೀವು ಯೋಚನೆ ಮಾಡ್ತಿದ್ದ ಮೂರು ತಿಂಗಳಲ್ಲಿ ಮಾಡಿದ ಕೆಲಸ ಇದು. ದಿನಾ ಹದಿನೆಂಟು ನಿಮಿಷ ಗುಂಡಿ ಹಾಕ್ತಾ ಕೂತಿದ್ರೆ ಆಗ್ತಿರಲಿಲ್ಲ. ಅಪ್ಪಣೆ ಇಲ್ಲದೆ ಹೋದೆ, ಅದು ತಪ್ಪು, ಅದಕ್ಕೇನು ಶಿಕ್ಷೆ ಇದೆಯೋ ಕೊಡಿ. ಕೈಲಾಗದವಳು ಅಂತ ಮಾತ್ರ ಹೇಳಬೇಡಿ."

"ದಿನವೂ ಡ್ಯೂಟಿಗೆ ಬಂದಾಗ ಗುಂಡಿ ಯಾರು ಹಾಕ್ತಾರೆ?" ಮೂಳೆ ಡಾಕ್ಟರು ಗುರುಗುಟ್ಟಿದರು.

"ಯಾರು ಹತ್ತಿರ ಇರ್ತಾರೋ ಅವರು. ಇವತ್ತು ನೀವಿದ್ದೀರಿ."

ಮೂಳೆ ಡಾಕ್ಟರು ಒಮ್ಮೆ ಆಚೀಚೆ ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದು, ಗಂಟುಮುಖದಲ್ಲೇ ಬಗ್ಗಿ ನಾಲ್ಕೂ ಗುಂಡಿ ಹಾಕಿದರು. ಡಾಕ್ಟರಮ್ಮನ ಎಡಗೈಯಲ್ಲಿ ಸ್ಟಾಪ್‌ವಾಚು ಟಿಕ್ಕೆಂದಿತು.

"ಹದಿನಾಲ್ಕು ಸೆಕೆಂಡು. ಪರವಾಗಿಲ್ಲ, ನಮ್ಮ ತಂಗಿಗಿಂತ ಚುರುಕು."

ಮೂಳೆ ಡಾಕ್ಟರಿಗೆ ತಡೆಯಲಾಗಲಿಲ್ಲ, ಫಕ್ಕನೆ ನಕ್ಕುಬಿಟ್ಟರು. ಅಲ್ವಾ ನಗಲಿಲ್ಲ. ಅವನು ಗಾಲಿಕುರ್ಚಿಯಾಕೆಯ ಅಂಗೈಯ ಚರ್ಮದ ಪಟ್ಟಿಯನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಅಂಥ ಮೊದಲ ಪಟ್ಟಿಗೆ ಕತ್ತರಿ ಹಿಡಿದಿದ್ದವನು ಅವನೇ. ಗುಂಡಿಯ ಮುಂದೆ ಎರಡು ಎಂದು ಬರೆದ. ಕೆಳಗೆ ಐವತ್ತೊಂಬತ್ತು ಎಂದು ಕೂಡಿಸಿದ. ಪೆನ್ನು ಹಿಡಿದುಕೊಂಡೇ ಕುಳಿತ.

"ಹದಿನಾರನೇ ಪ್ರಶ್ನೆಗೆ ಇದರಲ್ಲಿ ಜಾಗ ಇಲ್ಲ ಮೇಡಂ."

"ಹಾಳೆ ತಿರುಗಿಸೋ. ಹಿಂದೆ ಖಾಲಿ ಇದೆ."

ಅವನು ಹಾಳೆ ತಿರುಗಿಸಿದ. "ಉಳಿದ ಹೊತ್ತಿನಲ್ಲಿ ಏನು ಮಾಡಿದಿರಿ" ಎಂದು ತಾನೇ ಬರೆದು, ಅದರ ಕೆಳಗೆ "ಅರವತ್ತೊಂದು ಮನೆ" ಎಂದು ಬರೆದು, "ಸಹಾಯದೊಂದಿಗೆ ಪೂರ್ತಿ ಸಮರ್ಥರು, ಒಂದು ವರ್ಷ" ಎಂದು ಸೇರಿಸಿ ಸಹಿ ಹಾಕಿದ. ಮೂಳೆ ಡಾಕ್ಟರೂ ಹಾಕಿದರು. ಅಧಿಕಾರಿಣಿ ಮಾತ್ರ ಇದು ಯಾವ ನಿಯಮದಲ್ಲೂ ಇಲ್ಲವೆಂದು ವಾದಿಸಿದರು, ಸಹಿ ಹಾಕಲಿಲ್ಲ, ಅಪ್ಪಣೆಯಿಲ್ಲದೆ ಹೋದದ್ದಕ್ಕೆ ಎಚ್ಚರಿಕೆಯ ಪತ್ರವನ್ನೂ ಕಳಿಸಿದರು. ಡಾಕ್ಟರಮ್ಮ ಅದನ್ನು ತಂಗಿಗೆ ಓದಲು ಕೊಟ್ಟರು. ತಂಗಿ ವ್ಯಾಯಾಮದ ಸುಳ್ಳಿಗಾಗಿ ಮೂರು ದಿನ ಮಾತು ಬಿಟ್ಟಳು. ಗುಂಡಿ ಹಾಕುವುದನ್ನು ಬಿಡಲಿಲ್ಲ.

ಮಂಡಳಿಯ ಆ ಹಾಳೆಯನ್ನು ಪುಸ್ತಕ ಕಟ್ಟುವಾಕೆ ಇಪ್ಪತ್ತನೆಯ ಸಂಪುಟಕ್ಕೇ ಸೇರಿಸಿ ಹೊಲಿದಳು. ನೂರಾ ನಲವತ್ತೊಂದನೆಯ ರೋಗಿ.

"ನನ್ನನ್ನ ಯಾಕೆ ಸೇರಿಸಿದೆಯೇ?" ಡಾಕ್ಟರಮ್ಮ ಗದರಿದರು.

"ಲೆಕ್ಕ ಅಂದ್ರೆ ಲೆಕ್ಕ. ಹೇಳದೆ ಕೇಳದೆ ಒಂದು ದಿನ ಬರ್ತೀನಿ, ಹತ್ತು ಗಂಟೆಗೆ. ನೋಡ್ತಿರಿ."

ಹೇಳಿದಂತೆ ಒಂದು ದಿನ ಆಕೆ ಹೋದಳು. ನಾದಿನಿ ಕುರ್ಚಿ ತಳ್ಳಿಕೊಂಡು ಬಂದಿದ್ದಳು. ಡಾಕ್ಟರಮ್ಮನ ಸ್ಟಾಪ್‌ವಾಚನ್ನೇ ಎರವಲು ತಂದು, ಪೆನ್ನು ಬಿಗಿದುಕೊಂಡು, ಫಾರಮ್ಮು ತೊಡೆಯ ಮೇಲೆ ಇಟ್ಟುಕೊಂಡು, ಗಂಟೆ ಹತ್ತಾಗುವವರೆಗೆ ಓಣಿಯ ತಿರುವಿನಲ್ಲೇ ಕಾದು, ಸರಿಯಾಗಿ ಹತ್ತಕ್ಕೆ ಬಾಗಿಲ ಮುಂದೆ ನಿಂತಳು.

ಬಾಗಿಲಿಗೆ ಬೀಗ. ಬೀಗದ ಮೇಲೆ ಒಂದು ಚೀಟಿ ಅಂಟಿಸಿತ್ತು. ಎಡಗೈಯ ವಕ್ರ ಅಕ್ಷರ, ಕೆಳಗೆ ಸಹಿ, ಮೊಹರು.

"ತಂಗಿ ಗುಂಡಿ ಹಾಕಿದಳು, ಕೆಲಸಕ್ಕೆ ಹೋಗಿದ್ದೇನೆ. ಮಾಹಿತಿ ಇಲ್ಲ ಎಂದು ಬರೆದೀಯೆ, ಜೋಕೆ."